ಮೀನಖಂಡದ ಒಪ್ಪಿಗೆ ಪಡೆದು ಓಡಿ

ಬೆಳಗಿನ ಜಾವ ಎದ್ದು ದೂರದ ಓಟಕ್ಕೆ ಹೊರಡುವವರು ಈಗ ನಮ್ಮಲ್ಲಿ ಸಾಕಷ್ಟು ಮಂದಿ ಇದ್ದಾರೆ. ಬೆಂಗಳೂರಿನಲ್ಲಿ 2008ರಲ್ಲಿ ಶುರುವಾದ ವಿಶ್ವ 10ಕೆ ಓಟ, ಶ್ರೀರಂಗಪಟ್ಟಣದ ಬಳಿ ನಾಲೆಯ ದಂಡೆಯ ಮೇಲೆ ನಡೆಯುವ ಕಾವೇರಿ ಟ್ರೇಲ್ ಮ್ಯಾರಥಾನ್, ಇಂಥವಕ್ಕೆ ಹೆಸರು ಕೊಟ್ಟವರು ಕಬ್ಬನ್ ಪಾರ್ಕಿನಲ್ಲೋ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೋ ತಿಂಗಳುಗಟ್ಟಲೆ ಬೆವರು ಹರಿಸುತ್ತಾರೆ. ಅವರಲ್ಲಿ ನಲವತ್ತು ದಾಟಿದವರೂ ಬಹಳ. ಆ ವಯಸ್ಸಿನ ಓಟಗಾರರನ್ನು ವಿಶೇಷವಾಗಿ ಕಾಡುವ ಪೆಟ್ಟು ಮೀನಖಂಡದ್ದು. ಓಡುತ್ತಿರುವಾಗ ಹಿಂದಿನಿಂದ ಯಾರೋ ಕಲ್ಲು ಬೀಸಿದಂತಾಗಿ, ಕಾಲು ಊರಲಾಗದೆ ಅಲ್ಲೇ ನಿಲ್ಲಬೇಕಾಗುತ್ತದೆ. ಸ್ನಾಯುವಿನ ಎಳೆಗಳು ಹರಿದಿರುತ್ತವೆ. ಹಾಗೆ ನಿಂತವರು ಮತ್ತೆ ಓಡುವುದು ಯಾವಾಗ, ಹೇಗೆ? ನೋವು ಹೋಯಿತೆಂದು ಹೊರಡುವುದೂ ಸರಿಯಲ್ಲ, ಗಾಯ ಪೂರ್ತಿ ಮಾಯಲಿ ಎಂದು ಕಾಲು ಚಾಚಿ ಕೂರುವುದೂ ಸರಿಯಲ್ಲ. ಆ ಸ್ನಾಯು ಈ ಹೊತ್ತು ಎಷ್ಟು ಭಾರ ಹೊರಬಲ್ಲದು ಎಂದು ಪರೀಕ್ಷಿಸಿ, ಅಷ್ಟನ್ನು ಹೊರಿಸುತ್ತ, ಮೆಲ್ಲಗೆ ಏರಿಸುತ್ತ ಹೋಗುವುದೇ ಮರಳುವ ದಾರಿ ಎಂಬುದು ನನ್ನ ವಾದ.

ಮೊದಲು ಆ ಭಾರ ಎಷ್ಟೆಂದು ನೋಡೋಣ. ಮೀನಖಂಡದಲ್ಲಿ ಮುಖ್ಯವಾಗಿ ಎರಡು ಸ್ನಾಯುಗಳಿವೆ. ಹೊರಗೆ ಉಬ್ಬಿ ಕಾಣುವ ಗ್ಯಾಸ್ಟ್ರಾಕ್ನೀಮಿಯಸ್ ಮಂಡಿಯ ಮೇಲಿನಿಂದ ಇಳಿದು ಬರುತ್ತದೆ. ಅದರ ಅಡಿಯಲ್ಲಿ ಅಡಗಿರುವ ಚಪ್ಪಟೆ ಸ್ನಾಯು ಸೋಲಿಯಸ್. ಎರಡೂ ಸೇರಿ ಅಕಿಲಿಸ್ ಸ್ನಾಯುರಜ್ಜುವಾಗಿ ಹಿಮ್ಮಡಿಗೆ ಅಂಟಿಕೊಳ್ಳುತ್ತವೆ. ಓಡುವಾಗ ಪ್ರತಿ ಹೆಜ್ಜೆಯಲ್ಲೂ ಸೋಲಿಯಸ್ ಒಂದೇ ದೇಹತೂಕದ ಆರೇಳು ಪಟ್ಟು ಬಲವನ್ನು ತಡೆದುಕೊಳ್ಳುತ್ತದೆ. ಹತ್ತು ಕಿಲೋಮೀಟರನ್ನು ಒಂದು ಗಂಟೆಯಲ್ಲಿ ಓಡುವವರು ಸುಮಾರು ಹತ್ತು ಸಾವಿರ ಹೆಜ್ಜೆ ಹಾಕುತ್ತಾರೆ, ಅಂದರೆ ಒಂದೊಂದು ಕಾಲಿಗೂ ಐದು ಸಾವಿರ. ಇಲ್ಲಿ ಒಂದು ಸಂಗತಿಯನ್ನು ಬಹಳ ಜನ ಗಮನಿಸುವುದಿಲ್ಲ. ವೇಗ ತಗ್ಗಿಸಿದರೆ ತೊಡೆಯ ಹಿಂಭಾಗದ ಸ್ನಾಯುಗಳಿಗೆ ದೊಡ್ಡ ಬಿಡುವು ಸಿಗುತ್ತದೆ, ಮೀನಖಂಡಕ್ಕೆ ಅಷ್ಟು ಸಿಗುವುದಿಲ್ಲ. ನಿಧಾನದ ಓಟವೂ ಅದಕ್ಕೆ ಭಾರದ ಕೆಲಸವೇ. ‘ಮೆಲ್ಲಗೆ ಓಡುತ್ತೇನೆ, ಏನಾಗುತ್ತದೆ’ ಎಂದುಕೊಂಡು ಹೊರಟವರು ಮೂರನೆಯ ಕಿಲೋಮೀಟರಿನಲ್ಲಿ ಮತ್ತೆ ಕುಂಟುವುದು ಇದರಿಂದಲೇ.

ಹಾಗಾದರೆ ಪೂರ್ತಿ ವಿಶ್ರಾಂತಿಯೇ ಕ್ಷೇಮವಲ್ಲವೇ ಎಂದು ಮನೆಯ ಹಿರಿಯರು ಕೇಳುತ್ತಾರೆ. ಮೊದಲ ಒಂದೆರಡು ದಿನದ ಮಟ್ಟಿಗೆ ಅವರ ಮಾತು ಸರಿ. ಆಗ ಗಾಯಕ್ಕೆ ಎಣ್ಣೆ ಹಚ್ಚಿ ಗಟ್ಟಿಯಾಗಿ ನೀವಿಸಿಕೊಳ್ಳುವ ನಮ್ಮ ಹಳೆಯ ರೂಢಿಯನ್ನೂ ಬಿಡಬೇಕು, ಏಕೆಂದರೆ ಒಳಗಿನ ರಕ್ತಸ್ರಾವ ಅದರಿಂದ ಹೆಚ್ಚಬಹುದು. ಆದರೆ ಆಮೇಲೂ ಕಾಲಿಗೆ ಕೆಲಸ ಕೊಡದಿದ್ದರೆ ನಷ್ಟ ನಮಗೇ. ಡೆನ್ಮಾರ್ಕಿನ ಸಂಶೋಧಕರು ತೊಡೆ ಅಥವಾ ಮೀನಖಂಡದ ಸ್ನಾಯು ಹರಿದುಕೊಂಡ ಐವತ್ತು ಹವ್ಯಾಸಿ ಆಟಗಾರರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಗಾಯವಾದ ಎರಡು ದಿನಕ್ಕೇ ವ್ಯಾಯಾಮ ಶುರುಮಾಡಿಸಿದರು, ಇನ್ನೊಂದಕ್ಕೆ ಒಂಬತ್ತು ದಿನದ ಮೇಲೆ. 2017ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಅದರ ಫಲಿತಾಂಶ ಬಂತು. ಬೇಗ ಶುರುಮಾಡಿದವರು ಆಟಕ್ಕೆ ಮರಳಲು ಹಿಡಿದದ್ದು ಸುಮಾರು 62 ದಿನ, ತಡಮಾಡಿದವರಿಗೆ 83 ದಿನ. ಒಂದು ವಾರದ ಕಾಯುವಿಕೆಗೆ ಮೂರು ವಾರ ತೆರಬೇಕಾಯಿತು. ಹರಿದ ಎಳೆಗಳ ಜಾಗದಲ್ಲಿ ಬೆಳೆಯುವ ಹೊಸ ಅಂಗಾಂಶ ಸರಿಯಾದ ದಿಕ್ಕಿನಲ್ಲಿ ಜೋಡಿಕೊಂಡು ಗಟ್ಟಿಯಾಗಲು ಅಳತೆಯ ಎಳೆತ ಬೇಕೇ ಬೇಕು.

ಇನ್ನೊಂದು ಆಕ್ಷೇಪ ಓಟಗಾರರದೇ: ನೋವೇ ಇಲ್ಲದ ಮೇಲೆ ತಡೆಯುವುದೇಕೆ, ಕಟ್ಟಿಕೊಂಡ ದಮ್ಮು ಹಾಳಾಗುವುದಿಲ್ಲವೇ? ಈ ಆತಂಕ ನನಗೆ ಅರ್ಥವಾಗುತ್ತದೆ, ಅದನ್ನು ಹಗುರವಾಗಿ ಕಾಣಲಾರೆ. ಆದರೆ ಮಾಮೂಲಿ ನಡಿಗೆಯಲ್ಲಿ ನೋವಿಲ್ಲ ಎಂದರೆ ನಡಿಗೆಯ ಭಾರಕ್ಕೆ ಸ್ನಾಯು ಸಿದ್ಧವಾಗಿದೆ ಎಂದಷ್ಟೇ ಅರ್ಥ. ಓಟದ ಭಾರ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ದಮ್ಮನ್ನು ಸೈಕಲ್ ತುಳಿದೋ ಈಜಿಯೋ ಬಹುಪಾಲು ಉಳಿಸಿಕೊಳ್ಳಬಹುದು. ಅಪಾಯವೂ ಅಲ್ಲೇ ಇದೆ. ಉಸಿರು ಹತ್ತು ಕಿಲೋಮೀಟರಿಗೆ ತಯಾರಾಗಿ ನಿಂತಿರುತ್ತದೆ, ಕಾಲು ಎರಡಕ್ಕೂ ತಯಾರಿರುವುದಿಲ್ಲ. ಹಾಗಾಗಿ ಕಾಲನ್ನೇ ಕೇಳಬೇಕು. ಗೋಡೆಗೆ ಬೆರಳು ತಾಗಿಸಿ ಒಂಟಿಕಾಲಲ್ಲಿ ನಿಲ್ಲಿ. ಮಂಡಿ ಮಡಿಸದೆ ಹಿಮ್ಮಡಿಯನ್ನು ಪೂರ್ತಿ ಎತ್ತಿ, ತಡೆದು, ನಿಧಾನವಾಗಿ ಇಳಿಸಿ. ಮೊದಲು ಪೆಟ್ಟು ಬೀಳದ ಕಾಲಿನಲ್ಲಿ ಎಷ್ಟು ಸಲ ಸಾಧ್ಯವೆಂದು ಎಣಿಸಿಕೊಂಡು, ಆಮೇಲೆ ಪೆಟ್ಟಾದ ಕಾಲಿನಲ್ಲಿ ಮಾಡಿ. ಆರೋಗ್ಯವಂತ ವಯಸ್ಕರಿಗೆ ಸಾಮಾನ್ಯವಾಗಿ ಹೇಳುವ ಲೆಕ್ಕ 25, ವಯಸ್ಸಾದಂತೆ ಅದು ಇಳಿಯುತ್ತದೆ. ಆದ್ದರಿಂದ ಎರಡು ಕಾಲುಗಳ ಹೋಲಿಕೆಯೇ ನಂಬತಕ್ಕ ಅಳತೆ. ಹನ್ನೆರಡನೆಯ ಸಲಕ್ಕೇ ಹಿಮ್ಮಡಿ ಅರ್ಧಕ್ಕೆ ನಿಂತು ನಡುಗತೊಡಗಿದರೆ ಆ ಕಾಲು ಓಟಕ್ಕೆ ಇನ್ನೂ ಒಪ್ಪಿಲ್ಲ. ಇದೇ ಪರೀಕ್ಷೆಯನ್ನು ದಿನ ಬಿಟ್ಟು ದಿನ ಮಾಡಿದರೆ ಅದೇ ಚಿಕಿತ್ಸೆಯೂ ಆಗುತ್ತದೆ. ಮಂಡಿ ಸ್ವಲ್ಪ ಬಾಗಿಸಿ ಮಾಡಿದಾಗ ಭಾರ ಸೋಲಿಯಸ್ ಮೇಲೆ ಹೆಚ್ಚು ಬೀಳುವುದರಿಂದ ಅದನ್ನೂ ಬಿಡಬಾರದು.

ಓಟ ಶುರುವಾದ ಮೇಲೆ ಎಷ್ಟೆಷ್ಟು ಏರಿಸಬೇಕು? ವಾರಕ್ಕೆ ಶೇಕಡಾ ಹತ್ತಕ್ಕಿಂತ ಹೆಚ್ಚಿಸಬೇಡಿ ಎಂಬ ಮಾತು ಓಟಗಾರರ ಬಾಯಲ್ಲಿ ನಿಯಮವೇ ಆಗಿಬಿಟ್ಟಿದೆ. ನೆದರ್ಲೆಂಡ್ಸಿನಲ್ಲಿ ಹೊಸ ಓಟಗಾರರ ಮೇಲೆ ಅದನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಾಗೆ ಏರಿಸಿದವರಿಗೂ ಬೇಗ ಏರಿಸಿದವರಿಗೂ ಗಾಯಗಳ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಐದು ಸಾವಿರಕ್ಕೂ ಹೆಚ್ಚು ಓಟಗಾರರನ್ನು ಗಮನಿಸಿ 2025ರಲ್ಲಿ ಪ್ರಕಟವಾದ ಅಧ್ಯಯನ ಬೇರೆಯೇ ಕಡೆ ಬೆರಳು ತೋರಿಸಿತು. ಹಿಂದಿನ ಮೂವತ್ತು ದಿನದಲ್ಲಿ ಓಡಿದ ಅತಿ ದೂರದ ಓಟಕ್ಕಿಂತ ಶೇಕಡಾ ಹತ್ತಕ್ಕೂ ಹೆಚ್ಚು ದೂರವನ್ನು ಒಂದೇ ಸಲಕ್ಕೆ ಓಡಿದವರಲ್ಲಿ ಗಾಯ ಹೆಚ್ಚಿತ್ತು. ಒಂದು ತಿಂಗಳು ಮನೆಯಲ್ಲಿದ್ದವರಿಗೆ ಆ ಹಿಂದಿನ ದೂರ ಸೊನ್ನೆ. ಅವರು ಹಳೆಯ ಐದು ಕಿಲೋಮೀಟರಿನಿಂದ ಶುರುಮಾಡಬಾರದು. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಸಮತಟ್ಟಾದ ದಾರಿ, ನಡುವೆ ಒಂದು ದಿನ ಬಿಡುವು, ಹೀಗೆ ಹೊರಡಬೇಕು. ಮರುದಿನ ಬೆಳಗ್ಗೆ ಹಾಸಿಗೆಯಿಂದ ಇಳಿದು ಇಡುವ ಮೊದಲ ಹೆಜ್ಜೆ ಹೇಗಿದೆ ಎಂಬುದರ ಮೇಲೆ ಮುಂದಿನ ಓಟ ನಿರ್ಧಾರವಾಗಲಿ. ಏರುದಾರಿ, ತೆಳು ಅಡಿಯ ಹೊಸ ಬೂಟು, ವೇಗದ ಓಟ ಇವೆಲ್ಲ ಮೀನಖಂಡದ ಹೊರೆ ಏರಿಸುವಂಥವು, ಕೊನೆಗೆ ಬರಲಿ.

ಇಷ್ಟು ತಾಳ್ಮೆ ಹಿಡಿದರೆ ಓಟದ ದಿನ ಕಳೆದೇ ಹೋಗುತ್ತದೆ, ಕಟ್ಟಿದ ಶುಲ್ಕ ವ್ಯರ್ಥ, ವಯಸ್ಸೂ ಓಡುತ್ತಿದೆ ಎನ್ನುವವರಿಗೆ ಇಥಿಯೋಪಿಯಾದ ಕೆನೆನೀಸಾ ಬೆಕೆಲೆ ಅವರನ್ನು ನೆನಪಿಸುತ್ತೇನೆ. ಬೀಜಿಂಗ್ ಒಲಿಂಪಿಕ್ಸಿನಲ್ಲಿ ಎರಡು ಚಿನ್ನ ಗೆದ್ದ ಅವರನ್ನು 2010ರಲ್ಲಿ ಮೀನಖಂಡದ ಗಾಯ ದೀರ್ಘಕಾಲ ಓಟದಿಂದ ಹೊರಗಿಟ್ಟಿತು. 2011ರ ಆಗಸ್ಟಿನಲ್ಲಿ ವಿಶ್ವ ಚಾಂಪಿಯನ್‌ಷಿಪ್‌ಗೆ ಮರಳಿದವರು ಹತ್ತು ಸಾವಿರ ಮೀಟರ್ ಓಟವನ್ನು ಅರ್ಧಕ್ಕೇ ನಿಲ್ಲಿಸಿ ಹೊರಬಂದರು. ಮೂರು ವಾರದೊಳಗೆ ಬ್ರಸೆಲ್ಸಿನಲ್ಲಿ ಅದೇ ದೂರವನ್ನು 26 ನಿಮಿಷ 43 ಸೆಕೆಂಡಿನಲ್ಲಿ ಓಡಿ ಗೆದ್ದರು. 2019ರಲ್ಲಿ, ಮೂವತ್ತೇಳರ ವಯಸ್ಸಿನಲ್ಲಿ, ಬರ್ಲಿನ್ ಮ್ಯಾರಥಾನ್‌ನಲ್ಲಿ ಅಂದಿನ ವಿಶ್ವದಾಖಲೆಗೆ ಎರಡೇ ಸೆಕೆಂಡು ಬಾಕಿ ಇರುವಂತೆ ಗುರಿ ಮುಟ್ಟಿದರು. ನಮ್ಮಲ್ಲಿ ಯಾರೂ ಬೆಕೆಲೆ ಅಲ್ಲ, ನಿಜ. ಆದರೆ ಒಮ್ಮೆ ಮೀನಖಂಡ ಹರಿದವರಿಗೆ ಅದು ಮತ್ತೆ ಹರಿಯುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು, ವಯಸ್ಸಿನ ಜೊತೆ ಅದು ಇನ್ನಷ್ಟು ಏರುತ್ತದೆ. ಅವಸರಕ್ಕೆ ವಯಸ್ಸನ್ನು ಕಾರಣ ಮಾಡಿಕೊಳ್ಳುವುದು ಅದಕ್ಕೇ ಸಲ್ಲದು.

ಕೊನೆಯಲ್ಲೊಂದು ಕೋರಿಕೆ. ಮೀನಖಂಡದ ನೋವೆಲ್ಲ ಸ್ನಾಯುವಿನದೇ ಆಗಿರುವುದಿಲ್ಲ. ಪೆಟ್ಟಿಲ್ಲದೆಯೇ ಒಂದು ಕಾಲು ಮಾತ್ರ ಊದಿಕೊಂಡು, ಮುಟ್ಟಿದರೆ ಬಿಸಿಯಾಗಿ, ಕೂತರೂ ಮಲಗಿದರೂ ನೋಯುತ್ತಿದ್ದರೆ ರಕ್ತನಾಳದಲ್ಲಿ ಹೆಪ್ಪು ಕಟ್ಟಿರಬಹುದು. ಆಗ ವ್ಯಾಯಾಮವನ್ನೂ ನೀವುವುದನ್ನೂ ಬಿಟ್ಟು ಅದೇ ದಿನ ವೈದ್ಯರ ಬಳಿ ಹೋಗಿ.