ಗಾಡಿಯಲ್ಲೇ ಗಾಳಿ

ಸಾಸ್ತಾನದ ಬೈಲಿನಲ್ಲಿ ನಟ್ಟಿಗೆ ನೇಜಿ ತಯಾರಾದ ದಿನವೇ ಟ್ರ್ಯಾಕ್ಟರಿನ ಟಯರು ಗಾಳಿ ಇಳಿದು ಕೂತರೆ ಏನು ಮಾಡ್ತೀರಿ? ಹಾಗೆಯೇ ಪೇಟೆಗೆ ಓಡಿಸಿದರೆ ಟಯರೇ ಹೋದೀತು. ಆದ್ದರಿಂದ ಪಂಪು ಗಾಡಿಯಲ್ಲೇ ಇರಲಿ.

ಜೀಪಿಗೆ ಕಾಲುಪಂಪು ಸಾಕು. ಟ್ರ್ಯಾಕ್ಟರಿನ ಹಿಂದಿನ ಚಕ್ರಕ್ಕೆ ತುಳಿದು ತುಳಿದು ಕಾಲು ಸೋತೀತು. 12 ವೋಲ್ಟಿನ ಕಂಪ್ರೆಸರ್ ಒಳ್ಳೆಯದು. ಕೊಳ್ಳುವಾಗ "150 ಪೌಂಡ್" ಎಂಬ ಮಾತಿಗೆ ಮರುಳಾಗಬೇಡಿ. ಗದ್ದೆಯಲ್ಲಿ ಆ ಚಕ್ರಕ್ಕೆ ಬೇಕಾದ ಒತ್ತಡ 12-15 ಪೌಂಡಿನ ಆಸುಪಾಸು ಅಷ್ಟೇ. ಹಿಡಿಯುವ ಗಾಳಿ ಮಾತ್ರ ಬಹಳ. ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಕೊಡುತ್ತದೆಂದು ಕೇಳಿ. ತಂತಿಯನ್ನು ಫ್ಯೂಸ್ ಸಹಿತ ನೇರ ಬ್ಯಾಟರಿಗೆ ಕೊಡಿ. ಇಂಜಿನ್ ಚಾಲೂ ಇರಲಿ. ಪಂಪು ಬಿಸಿಯಾದರೆ ನಿಲ್ಲಿಸಿ, ಆರಲು ಬಿಡಿ. ಕಡಲಿನ ಉಪ್ಪುಗಾಳಿ ತಾಗದಂತೆ ಮುಚ್ಚಿಡಿ. ನೇಜಿ ಕಾಯುವುದಿಲ್ಲ, ಬಾಂಧವರೇ!