ಕೋಟೆ ನಿಜ, ಪ್ರೇಮ ಸುಳ್ಳು

ಚಿತ್ರಸಮಾಜಗಳ ಈ ಸಮ್ಮೇಳನಕ್ಕೆ ನನ್ನನ್ನು ಅಧ್ಯಕ್ಷನನ್ನಾಗಿ ಮಾಡಿದ್ದೀರಿ, ಉಪಕಾರವಾಯಿತು. ನನಗಿಂತ ಮೊದಲು ಈ ಕುರ್ಚಿಯಲ್ಲಿ ಕೂತವರೆಲ್ಲ ದೊಡ್ಡವರು, ಶ್ರಮಪಟ್ಟವರು. ಅವರ ಹೆಸರುಗಳು ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿವೆ. ಇನ್ನು ವಿಷಯಕ್ಕೆ ಬರುತ್ತೇನೆ.

ಅಮೆರಿಕದ ದಡಕ್ಕೆ ಮೊದಮೊದಲು ಬಂದಿಳಿದ ಇಂಗ್ಲಿಷರ ಕುರಿತ ಚಿತ್ರಗಳನ್ನು ಈ ಸಲ ನೋಡುತ್ತಿದ್ದೇವೆ. ಅದರಲ್ಲಿ ಒಂದರ ಬಗ್ಗೆ ಮಾತ್ರ ಮಾತಾಡುತ್ತೇನೆ. ಟೆರೆನ್ಸ್ ಮ್ಯಾಲಿಕ್ 2005ರಲ್ಲಿ ಮಾಡಿದ 'ದಿ ನ್ಯೂ ವರ್ಲ್ಡ್'. ಇದರ ಮೇಲೆ ನಾನು ಎಷ್ಟು ವರ್ಷದಿಂದ ಜಗಳವಾಡುತ್ತಿದ್ದೇನೆಂದು ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತು. ಉಳಿದರ್ಧ ಈಗ ಕೇಳಿ.

ಚಿತ್ರ ಕೆಟ್ಟದ್ದಲ್ಲ. ಕೆಟ್ಟದ್ದಾಗಿದ್ದರೆ ನನಗೆ ಈ ಕಷ್ಟವೇ ಇರುತ್ತಿರಲಿಲ್ಲ. 1995ರಲ್ಲಿ ಡಿಸ್ನಿಯವರು ಇದೇ ಕಥೆಯ 'ಪೊಕಾಹೊಂಟಸ್' ಕಾರ್ಟೂನಿನಲ್ಲಿ ವರ್ಜೀನಿಯಾದ ಚಪ್ಪಟೆ ಕರಾವಳಿಯಲ್ಲಿ ಜಲಪಾತ ಧುಮುಕಿಸಿದಾಗ ಮಗು ಕೂಡ ಅದನ್ನು ಆಟವೆಂದೇ ನೋಡಿತು. ಮ್ಯಾಲಿಕ್ ಹಾಗಲ್ಲ. ವರ್ಜೀನಿಯಾಕ್ಕೇ ಹೋಗಿ, ಆ ಇಂಗ್ಲಿಷರ ನೆಲೆಯಾಗಿದ್ದ ಜೇಮ್ಸ್‌ಟೌನ್‌ಗೆ ಹತ್ತಿರದ ಚಿಕಹೋಮಿನಿ ನದಿಯ ದಂಡೆಯ ಮೇಲೆ ಕೋಟೆ ಎಬ್ಬಿಸಿದರು. ಆಡುವವರೇ ಇಲ್ಲದೆ ಸತ್ತುಹೋಗಿದ್ದ ಅಲ್ಲಿನ ಅಲ್ಗಾಂಕ್ವಿಯನ್ ನುಡಿಯನ್ನು ಭಾಷಾಶಾಸ್ತ್ರಜ್ಞ ಬ್ಲೇರ್ ರೂಡ್ಸ್ ಹಳೆಯ ಪದಪಟ್ಟಿಗಳನ್ನೂ ಅದರ ಸೋದರ ಭಾಷೆಗಳನ್ನೂ ಹಿಡಿದು ಮತ್ತೆ ಕಟ್ಟಿಕೊಟ್ಟರು. ಲುಬೆಜ್ಕಿಯ ಕ್ಯಾಮೆರಾ ಹೆಚ್ಚಾಗಿ ಸಿಕ್ಕಿದ ಹಗಲ ಬೆಳಕನ್ನೇ ನಂಬಿತು. ಇಷ್ಟೆಲ್ಲ ನಿಷ್ಠೆ ತೋರಿದವರು ನಡುವೆ ತಂದು ಕೂರಿಸಿದ್ದೇನು? ವಲಸೆ ಬಂದ ಕ್ಯಾಪ್ಟನ್ ಜಾನ್ ಸ್ಮಿತ್ ಮತ್ತು ಅಲ್ಲಿನ ಮುಖಂಡನ ಮಗಳು ಪೊಕಾಹೊಂಟಸ್‌ರ ಪ್ರೇಮ!

ಸ್ಮಿತ್ ಅಲ್ಲಿಗೆ ಬಂದ 1607ರಲ್ಲಿ ಆ ಹುಡುಗಿಗೆ ಹತ್ತೋ ಹನ್ನೊಂದೋ ವರ್ಷ. ಅವನಿಗೆ ಇಪ್ಪತ್ತೇಳು. ಅವಳ ತಂದೆ ಪೊಹಾಟನ್, ಸೆರೆಸಿಕ್ಕ ತನ್ನ ತಲೆ ಒಡೆಸಲು ಹೊರಟಾಗ ಹುಡುಗಿ ಅಡ್ಡ ಬಿದ್ದು ಉಳಿಸಿದಳೆಂದು ಸ್ಮಿತ್ ಬರೆದ. ಯಾವಾಗ? ಸೆರೆಯಿಂದ ಬಿಡುಗಡೆಯಾದ ಮೇಲೆ 1608ರಲ್ಲಿ ಅಚ್ಚಾದ ಅವನ ಮೊದಲ ವರದಿಯಲ್ಲಿ ಈ ಘಟನೆಯ ಸುಳಿವೇ ಇಲ್ಲ. ಅದು ವಿಸ್ತಾರವಾಗಿ ಬರುವುದು 1624ರ ಪುಸ್ತಕದಲ್ಲಿ. ಅಷ್ಟರಲ್ಲಿ ಹುಡುಗಿ ಇಂಗ್ಲೆಂಡಿನ ಗ್ರೇವ್ಸೆಂಡ್‌ನಲ್ಲಿ ಮಣ್ಣಾಗಿ ಏಳು ವರ್ಷ. ಅದೇ ಪುಸ್ತಕದ ಅರ್ಪಣೆಯಲ್ಲಿ, ತುರ್ಕರ ಕೈಗೆ ಸಿಕ್ಕಾಗಲೂ ಒಬ್ಬ ಹೆಂಗಸು ಕರುಣೆ ತೋರಿದಳೆನ್ನುತ್ತಾನೆ. ಪುಣ್ಯವಂತ, ಹೋದಲ್ಲೆಲ್ಲ ಯಾರೋ ಒಬ್ಬಾಕೆ ಕಾಯುತ್ತಿರುತ್ತಾಳೆ. ಪ್ರೇಮವೆಂಬುದಂತೂ ಅವನೂ ಬರೆಯದ ಮಾತು, ಆಮೇಲಿನವರು ಸೇರಿಸಿದ್ದು.

ಆ ಹುಡುಗಿಗೆ ನಿಜವಾಗಿ ಆದದ್ದು ಬೇರೆ. 1613ರಲ್ಲಿ ಕ್ಯಾಪ್ಟನ್ ಆರ್ಗಲ್ ಅವಳನ್ನು ಉಪಾಯವಾಗಿ ಹಡಗು ಹತ್ತಿಸಿ ಒತ್ತೆಯಾಗಿ ಹಿಡಿದ. ಸಹಾಯ ಮಾಡಿದವನಿಗೆ ಸಿಕ್ಕ ಕೂಲಿ ಒಂದು ತಾಮ್ರದ ಪಾತ್ರೆ. ಸೆರೆಯಲ್ಲೇ ಅವಳು ರೆಬೆಕ್ಕಾ ಆದಳು, 1614ರಲ್ಲಿ ತಂಬಾಕು ಬೆಳೆಗಾರ ಜಾನ್ ರಾಲ್ಫ್‌ನನ್ನು ಮದುವೆಯಾದಳು, 1617ರಲ್ಲಿ ಇಂಗ್ಲೆಂಡಿನಲ್ಲಿ ಸತ್ತಳು. ಚಿತ್ರ ಮುಗಿಸಿ ಹೊರಬಂದವರಿಗೆ ನೆನಪಿರುವುದು ಹುಲ್ಲುಗಾವಲು, ವ್ಯಾಗ್ನರ್‌ನ ಸಂಗೀತ, ಇಬ್ಬರ ಕಣ್ಣು. ಒತ್ತೆ ಯಾರಿಗೂ ನೆನಪಿಲ್ಲ. ಕೋಟೆಯ ಒಂದೊಂದು ಗೂಟವೂ ನಿಜವಾಗಿ ಕಂಡಷ್ಟೂ ಈ ಪ್ರೇಮವನ್ನು ನಂಬುತ್ತೇವೆ. ನನ್ನ ಜಗಳವೆಲ್ಲ ಇದೇ.

ಹಿಂದೊಮ್ಮೆ ಒಂದು ಸಮಿತಿಯಲ್ಲಿ ಈ ಚಿತ್ರದ ಪ್ರದರ್ಶನದ ಟಿಪ್ಪಣಿಗೆ 'ಅಮರ ಪ್ರೇಮಕಥೆ' ಎಂದು ಬರೆದಿದ್ದರು. ಹುಡುಗಿಯ ವಯಸ್ಸನ್ನೂ ಸೇರಿಸಿ ಎಂದೆ. ಹಿರಿಯರೊಬ್ಬರು, ನೀವು ಸಿನಿಮಾ ನೋಡುವವರೋ ಶಾಲಾ ದಾಖಲಾತಿ ತಿದ್ದುವವರೋ ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಇವತ್ತಿಗೂ ನನಗೆ ಉರಿಯುವುದು ನಾನು ನಕ್ಕಿದ್ದು. ಆವತ್ತು ಹೊಳೆಯದ ಉತ್ತರ ಈಗ ಹೇಳುತ್ತೇನೆ. ಯಾರೋ ಒಬ್ಬರು ಕಿತ್ತೂರಿನ ಕೋಟೆಯನ್ನು ಕಲ್ಲು ಕಲ್ಲೂ ಸರಿಯಾಗಿ ಕಟ್ಟಿ, ಧಾರವಾಡ ಸೀಮೆಯ ಮಾತನ್ನು ಚಾಚೂ ತಪ್ಪದೆ ಆಡಿಸಿ, ಚೆನ್ನಮ್ಮನಿಗೂ 1824ರಲ್ಲಿ ಅದೇ ಕೋಟೆಯೆದುರು ಸತ್ತ ಬ್ರಿಟಿಷ್ ಅಧಿಕಾರಿ ಥ್ಯಾಕರೆಗೂ ಪ್ರೇಮ ಹೆಣೆದರೆ, ಬೆಳಕು ಚೆನ್ನಾಗಿದೆಯಪ್ಪ ಎಂದು ಕೂತಿರುತ್ತೀರಾ?

ಕಲ್ಪನೆ ಬೇಡವೆನ್ನುತ್ತಿಲ್ಲ. ರಾಬರ್ಟ್ ಎಗ್ಗರ್ಸ್‌ನ 'ದಿ ವಿಚ್' ಚಿತ್ರದಲ್ಲಿ ಮಾಟಗಾತಿ ಇದ್ದಾಳೆ, ಮಾತಾಡುವ ಹೋತ ಇದೆ. ಆದರೂ ನನ್ನ ತಕರಾರಿಲ್ಲ. ಅದು ತನ್ನನ್ನು ನ್ಯೂ ಇಂಗ್ಲೆಂಡಿನ ಜನಪದ ಕಥೆಯೆಂದು ಹೆಸರಿನ ಕೆಳಗೇ ಹೇಳಿಕೊಂಡಿದೆ, ಆ ಕಾಲದವರು ನಂಬಿದ್ದನ್ನು ನಂಬಿಕೆಯಾಗಿಯೇ ತೋರಿಸಿದೆ.

ನನ್ನ ಬೇಡಿಕೆಗಳು. ಇತಿಹಾಸ ಹೇಳುವ ಪ್ರತಿ ಚಿತ್ರಕ್ಕೂ ಅರ್ಧ ಪುಟದ ಟಿಪ್ಪಣಿ, ಅದರಲ್ಲಿ ಪಾತ್ರಗಳ ನಿಜವಾದ ವಯಸ್ಸು, ಕಥೆಯ ಮೂಲ ಯಾವ ವರ್ಷದ್ದು, ಬರೆದವನು ಯಾರು. ಮುಂದಿನ ತಿಂಗಳಿನಿಂದಲೇ. ಕನ್ನಡ ಉಪಶೀರ್ಷಿಕೆಗಳಲ್ಲಿ ಪೊಹಾಟನ್ ಜನರನ್ನು 'ಕಾಡುಜನ' ಎನ್ನುವುದು ನಿಲ್ಲಬೇಕು. ಮೆಕ್ಕೆಜೋಳ ಬೆಳೆದು ಈ ವಲಸಿಗರ ಹೊಟ್ಟೆಗೂ ಹಾಕಿದವರು ಅವರು. ಇನ್ನೊಂದು, ದುಡ್ಡು ಎಲ್ಲಿಂದ ಎಂದು ಕೇಳಬೇಡಿ: ಆ ಪೊಹಾಟನ್ ಜನರ ಪೈಕಿ ಇವತ್ತಿಗೂ ವರ್ಜೀನಿಯಾದಲ್ಲಿರುವ ಪಮಂಕಿ ಜನರಲ್ಲಿ ಒಬ್ಬರನ್ನು ಕರೆಸಿ, ನಮ್ಮ ನಡುವೆ ಕೂರಿಸಿಕೊಂಡು ಈ ಚಿತ್ರ ನೋಡಬೇಕು.

ಮಧ್ಯಾಹ್ನ 172 ನಿಮಿಷದ ಆವೃತ್ತಿಯ ಪ್ರದರ್ಶನವಿದೆ. ಟಿಪ್ಪಣಿ ಬಾಗಿಲ ಹತ್ತಿರದ ಮೇಜಿನ ಮೇಲಿದೆ, ನಾನೇ ಬರೆದದ್ದು. ವಯಸ್ಸು ಎರಡನೆಯ ಸಾಲಿನಲ್ಲಿದೆ.