ಎರಡನೆಯ ಒಡೆಯನ ಕಾರು



ಜಾನುವಾರು ಜಾತ್ರೆಯಲ್ಲಿ ಎತ್ತು ಕೊಳ್ಳಲು ಹೋದ ರೈತ ಮೊದಲು ಅದರ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಮೈಗೆ ಎಷ್ಟೇ ಎಣ್ಣೆ ಸವರಿ ಮಿರುಗಿಸಿದ್ದರೂ ವಯಸ್ಸನ್ನು ಹಲ್ಲು ಹೇಳುತ್ತದೆ. ಬಳಸಿದ ಕಾರು ಕೊಳ್ಳುವವರು ಮಾತ್ರ ಹೊಳೆಯುವ ಬಣ್ಣವನ್ನೂ ಓಡಿದ ಕಿಲೋಮೀಟರಿನ ಅಂಕಿಯನ್ನೂ ನೋಡಿ ಮುಂಗಡ ಕೊಟ್ಟುಬಿಡುತ್ತಾರೆ. ನಿಮ್ಮಲ್ಲಿ ಕೆಲವರ ಮನೆಯಲ್ಲಿ ಇಂತಹ ಮಾತುಕತೆ ಈಗಾಗಲೇ ನಡೆದಿರಬಹುದು. ಇನ್ನು ಕೆಲವರು ನೌಕರಿ ಸೇರಿದ ಮೇಲೆ ಮೊದಲ ಉಳಿತಾಯವನ್ನು ಇದಕ್ಕೇ ಹಾಕಬಹುದು. ಆದ್ದರಿಂದ ಹಳೆಯ ಕಾರಿನ ಆರೋಗ್ಯವನ್ನೂ ಅದನ್ನು ಸಾಕುವ ಖರ್ಚನ್ನೂ ಕುರಿತು ಇಂದು ವಿಚಾರ ಮಾಡೋಣ.

ನಮ್ಮ ರಸ್ತೆಗಳಲ್ಲಿ ಎಲ್ಲೆಲ್ಲೂ ಕಾಣುವ ಮಾರುತಿ ಡಿಜೈರ್ ಕಾರನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. 2008ರಲ್ಲಿ ಬಂದಾಗ ಇದರ ಉದ್ದ 4,160 ಮಿಲಿಮೀಟರ್ ಇತ್ತು. 4 ಮೀಟರಿನೊಳಗಿನ ಸಣ್ಣ ಕಾರುಗಳಿಗೆ ಕೇಂದ್ರ ಸರ್ಕಾರ 2006ರಲ್ಲೇ ಅಬಕಾರಿ ಸುಂಕ ಇಳಿಸಿತ್ತು. ಆ ರಿಯಾಯಿತಿ ದೊರೆಯುವಂತೆ 2012ರ ಮಾದರಿಯಲ್ಲಿ ಹಿಂಬದಿಯ ಸಾಮಾನಿನ ಪೆಟ್ಟಿಗೆಯನ್ನು ಮೊಟಕುಗೊಳಿಸಿ ಉದ್ದವನ್ನು 3,995 ಮಿಲಿಮೀಟರಿಗೆ ತಂದರು. ಸುಂಕದ ಒಂದು ನಿಯಮ ಕಾರಿನ ಬಾಲವನ್ನೇ ಕತ್ತರಿಸಿತು ಎನ್ನಬೇಕು! ಈ ಕಾರು ಮನೆಯವರಿಗೂ ಟ್ಯಾಕ್ಸಿಯವರಿಗೂ ಒಗ್ಗಿತು. ಹಾಗಾಗಿ ಮಾರಾಟಕ್ಕೆ ಬಂದದ್ದು ಹಿಂದೆ ಯಾರ ಕೈಯಲ್ಲಿ ಓಡಿತ್ತೆಂಬುದು ಮೊದಲ ಪ್ರಶ್ನೆ.

ಕಾರು ಎರಡು ಬಗೆಯಲ್ಲಿ ಹಳತಾಗುತ್ತದೆ. ಓಡಿದಷ್ಟೂ ಅದರ ಲೋಹದ ಭಾಗಗಳು ಸವೆಯುತ್ತವೆ. ಓಡಲಿ, ನಿಂತಿರಲಿ, ಅದರ ರಬ್ಬರು ಮತ್ತು ದ್ರವಗಳು ಕಾಲದೊಂದಿಗೆ ಕೆಡುತ್ತವೆ. ಕಿಲೋಮೀಟರ್ ಮಾಪಕ ಮೊದಲನೆಯದನ್ನು ಮಾತ್ರ ಹೇಳುತ್ತದೆ. ಅದನ್ನೂ ಹಿಂದಕ್ಕೆ ತಿರುಗಿಸಿಡುವ ಕೈಚಳಕದವರಿದ್ದಾರೆ. ಕಾರಿನ ಹಲ್ಲು ಇರುವುದು ಟೈರಿನಲ್ಲಿ. ಟೈರಿನ ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿಗಳ ಒಂದು ಸಂಖ್ಯೆ ಅಚ್ಚಾಗಿರುತ್ತದೆ. 2319 ಎಂದಿದ್ದರೆ ಅದು 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಮಾಪಕ ಬರೀ 30,000 ಕಿಲೋಮೀಟರ್ ತೋರಿಸುತ್ತಿದ್ದು, ನಾಲ್ಕು ಟೈರುಗಳೂ ಕಾರಿಗಿಂತ ಮೂರು ವರ್ಷ ಚಿಕ್ಕವಾಗಿದ್ದರೆ, ಮೊದಲಿನವು ಅಷ್ಟು ಬೇಗ ಏಕೆ ಸವೆದವೆಂದು ಕೇಳಬೇಕು. ಪೆಡಲಿನ ರಬ್ಬರೂ ಇಂತಹದೇ ಸಾಕ್ಷಿ.

ಇನ್ನು ಎಂಜಿನ್. ಡಿಜೈರ್‌ನ 1.2 ಲೀಟರ್ ಪೆಟ್ರೋಲ್ ಎಂಜಿನ್ನಿನಲ್ಲೂ, ಫಿಯಟ್ ವಿನ್ಯಾಸದ 1.3 ಲೀಟರ್ ಡೀಸೆಲ್ ಎಂಜಿನ್ನಿನಲ್ಲೂ ಕವಾಟಗಳನ್ನು ಸಮಯಕ್ಕೆ ಸರಿಯಾಗಿ ತೆರೆಯಿಸುವುದು ಒಂದು ಸರಪಳಿ. ಅದನ್ನು ಬಿಗಿಯಾಗಿ ಹಿಡಿದಿಡುವುದು ಎಂಜಿನ್ ಎಣ್ಣೆಯ ಒತ್ತಡ. ಎಣ್ಣೆ ಬದಲಿಸದೆ ಓಡಿಸಿದ ಕಾರಿನಲ್ಲಿ ಸರಪಳಿ ಸಡಿಲವಾಗಿ, ಬೆಳಗಿನ ಮೊದಲ ಚಾಲನೆಯಲ್ಲಿ ಕಟಕಟ ಸದ್ದು ಮಾಡುತ್ತದೆ. ಎಂಜಿನ್ ಬಿಸಿಯಾದ ಮೇಲೆ ಈ ಸದ್ದು ಅಡಗಿಹೋಗಬಹುದು. ಆದುದರಿಂದ ನೀವು ಹೋಗುವ ವೇಳೆಗೆ ಕಾರನ್ನು ಬಿಸಿ ಮಾಡಿಟ್ಟಿದ್ದರೆ, ನಾಳೆ ಬೆಳಿಗ್ಗೆ ಬರುತ್ತೇವೆಂದು ಹೇಳಿ ಹಿಂತಿರುಗುವುದು ಲೇಸು. ಹೊಗೆಯ ಬಣ್ಣವನ್ನೂ ನೋಡಿ. ನೀಲಿಯಾಗಿದ್ದರೆ ಎಣ್ಣೆ ಉರಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ತಂಪುದ್ರವ ಎಂಜಿನ್ನಿನೊಳಗೆ ಸೋರುತ್ತಿರಬಹುದು. ಡೀಸೆಲ್ ಮಾದರಿಯ ತಯಾರಿಕೆ, 2020ರ ಏಪ್ರಿಲ್‌ನಲ್ಲಿ ಬಿ.ಎಸ್. 6 ನಿಯಮ ಜಾರಿಗೆ ಬಂದಾಗ ನಿಂತಿತು. ಅದರ ಟರ್ಬೊ ಮತ್ತು ಇಂಜೆಕ್ಟರುಗಳು ಕೆಟ್ಟರೆ ದುರಸ್ತಿ ದುಬಾರಿ; ದಿನಕ್ಕೆ ಹತ್ತು ಕಿಲೋಮೀಟರ್ ಓಡಿಸುವವರಿಗೆ ಅದರ ಇಂಧನದ ಉಳಿತಾಯ ಹೆಚ್ಚಿನ ಪ್ರಯೋಜನಕ್ಕೆ ಬಾರದು.

ಕ್ಲಚ್ಚು, ಹಂಪಿನ ಮೇಲೆ ಟಕ್ಕೆನ್ನುವ ಸಸ್ಪೆನ್ಷನ್ ಬುಷ್‌ಗಳು, ಸೋರುವ ಹವಾನಿಯಂತ್ರಣದ ಕೊಳವೆ, ಇವು ವಯಸ್ಸಾದ ಕಾರಿನ ಮಾಮೂಲು ಕಾಯಿಲೆಗಳು. ಬುಷ್‌ನ ಬೆಲೆ ಅಲ್ಪ. ಕ್ಲಚ್ಚಿಗೆ ಗೇರ್‌ಬಾಕ್ಸ್ ಇಳಿಸಬೇಕಾದ್ದರಿಂದ ಕೂಲಿಯೂ ಏರುತ್ತದೆ. ಕಾರು ನೀರಿನಲ್ಲಿ ಮುಳುಗಿತ್ತೇ ಎಂಬುದನ್ನು ಮಾತ್ರ ಮರೆಯದೆ ಪರೀಕ್ಷಿಸಿ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ ನೆರೆ ನುಗ್ಗಿ ಕಾರುಗಳು ಮುಳುಗಿದ್ದು ನಿಮಗೆ ನೆನಪಿರಬಹುದು. ಸೀಟ್‌ಬೆಲ್ಟನ್ನು ಪೂರ್ತಿ ಹೊರಗೆಳೆದು ಕೆಸರಿನ ಗೆರೆ ಇದೆಯೇ ನೋಡಬೇಕು.

ಎಲ್ಲಕ್ಕಿಂತ ಅಲಕ್ಷ್ಯಕ್ಕೆ ಒಳಗಾದದ್ದು ಬ್ರೇಕಿನ ದ್ರವ. ಇದು ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವುಳ್ಳದ್ದು. ಡಾಟ್ 3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಕನಿಷ್ಠ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ, ತುಂಬಿದ ಕಾರಿನಲ್ಲಿ ಒಂದೇ ಸಮನೆ ಬ್ರೇಕ್ ಒತ್ತುತ್ತ ಬಂದರೆ ಡಿಸ್ಕಿನ ಶಾಖ ದ್ರವಕ್ಕೆ ಇಳಿಯುತ್ತದೆ. ಅಲ್ಲಿ ದ್ರವ ಕುದಿದರೆ ಆವಿಯ ಗುಳ್ಳೆಗಳಾಗುತ್ತವೆ. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಹೀಗಾಗಿ ಪೆಡಲ್ ನೆಲದವರೆಗೆ ಇಳಿದರೂ ಬ್ರೇಕ್ ಹಿಡಿಯುವುದಿಲ್ಲ. ಕಾರು ಕೊಂಡ ವಾರದಲ್ಲೇ ಇದನ್ನು ಬದಲಿಸಿ, ಮುಂದೆ ಎರಡು ವರ್ಷಕ್ಕೊಮ್ಮೆ ಬದಲಿಸುತ್ತ ಹೋದರೆ ಸಾಕು. ಘಾಟಿಯನ್ನು ಕೆಳಗಿನ ಗೇರಿನಲ್ಲೇ ಇಳಿಯಿರಿ.

ಈಗ ಲೆಕ್ಕಕ್ಕೆ ಬರೋಣ. ಕಾರನ್ನು 3 ಲಕ್ಷಕ್ಕೆ ಕೊಂಡು ಐದು ವರ್ಷದ ನಂತರ ಒಂದೂವರೆ ಲಕ್ಷಕ್ಕೆ ಮಾರಿದಿರೆನ್ನೋಣ. ವರ್ಷಕ್ಕೆ 30,000 ರೂಪಾಯಿ ಕರಗಿತು. ವರ್ಷಕ್ಕೆ 10,000 ಕಿಲೋಮೀಟರ್ ಓಟ, ಲೀಟರಿಗೆ 15 ಕಿಲೋಮೀಟರ್, ಪೆಟ್ರೋಲ್ 100 ರೂಪಾಯಿ ಎಂದಾದರೆ ಇಂಧನಕ್ಕೆ ಸುಮಾರು 66,700. ವಿಮೆಗೆ 8,000, ಸರ್ವಿಸ್ ಮತ್ತು ದುರಸ್ತಿಗೆ 15,000, ಟೈರು ಮತ್ತು ಬ್ಯಾಟರಿಯ ಪಾಲು 5,800 ಸೇರಿಸಿ. ಒಟ್ಟು 1,25,500 ರೂಪಾಯಿ, ಅಂದರೆ ಕಿಲೋಮೀಟರಿಗೆ ಹನ್ನೆರಡೂವರೆ. ಕೊಂಡ ಬೆಲೆಯನ್ನು ಹತ್ತು ಸಾವಿರ ಇಳಿಸಿಕೊಳ್ಳಲು ಒಂದು ದಿನವೆಲ್ಲ ಚೌಕಾಸಿ ಮಾಡುವವರು ಈ ಅಂಕಿಯನ್ನು ಕೇಳಿಯೂ ಇರುವುದಿಲ್ಲ.

ಇಂಧನದ ಬಗ್ಗೆ ಇನ್ನೊಂದು ಮಾತು. ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಚಾಲನೆ ದೊರೆತದ್ದು ಬೆಂಗಳೂರಿನಲ್ಲೇ. ಎಥನಾಲಿನ ಶಕ್ತಿ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ. ಆದ್ದರಿಂದ ಮೈಲೇಜು ತುಸು ಇಳಿಯುವುದು ಸಹಜ. ಹಳೆಯ ಕಾರಿನ ಇಂಧನದ ರಬ್ಬರ್ ಕೊಳವೆಗಳನ್ನು ಆಗಾಗ ನೋಡಿಸುತ್ತಿರಬೇಕು.

ಕೊನೆಯದಾಗಿ ಕಾಗದಪತ್ರ. ಹಿಂದಿನ ಮಾಲೀಕರ ಕ್ಲೇಮು ಇಲ್ಲದ ವಿಮಾ ರಿಯಾಯಿತಿ ಅವರಿಗೇ ಸೇರಿದ್ದು, ಕಾರಿನೊಂದಿಗೆ ನಿಮಗೆ ಬರುವುದಿಲ್ಲ. ಕಾರಿಗೆ 15 ವರ್ಷ ತುಂಬಿದಾಗ ನೋಂದಣಿ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಅದರ ಶುಲ್ಕವನ್ನು 5,000 ರೂಪಾಯಿಗೆ ಏರಿಸಲಾಯಿತು. ಬ್ಯಾಂಕಿನ ಸಾಲವಿದ್ದ ಕಾರಾದರೆ ಅದು ತೀರಿದ ಬಗ್ಗೆ ಬ್ಯಾಂಕಿನ ಪತ್ರ ಬೇಕು. ಹೆಸರು ಬದಲಾಯಿಸಲು ನಮೂನೆ 29 ಮತ್ತು 30ನ್ನು ಸಾರಿಗೆ ಕಚೇರಿಗೆ ಸಲ್ಲಿಸಬೇಕು. ನಿಮ್ಮ ಮನೆಯ ಹಳೆಯ ಕಾರನ್ನು ಮಾರುವಾಗಲೂ ಇದು ಅನ್ವಯಿಸುತ್ತದೆ. ಕೈಯಿಂದ ಕೈಗೆ ಹಲವು ಬಾರಿ ಮಾರಾಟವಾಗಿ, ದಾಖಲೆಯಲ್ಲಿ ಮಾತ್ರ ಹೆಸರು ಬದಲಾಗದೆ ಉಳಿದಿದ್ದ ಒಂದು ಕಾರು ಅಪಘಾತಕ್ಕೀಡಾದ ಪ್ರಕರಣದಲ್ಲಿ, ಪರಿಹಾರದ ಹೊಣೆ ನೋಂದಣಿಯಲ್ಲಿ ಹೆಸರಿರುವ ಮಾಲೀಕನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪಿತ್ತಿತು. ಆತ ಕಾರನ್ನು ಮಾರಿ ವರ್ಷಗಳೇ ಕಳೆದಿದ್ದವು.